ಇಷ್ಟಲಿಂಗದ ಕರಡಿಗೆ ಮತ್ತು ಹಾವೇರಿ ಸೀಮೆಯ ಪತ್ತಾರರು

ಇಷ್ಟಲಿಂಗದ ತತ್ತ್ವವನ್ನು ಕುರಿತು ವೀರಶೈವ ವಾಙ್ಮಯದಲ್ಲಿ ಬರೆದವರಿಗೆ ಲೆಕ್ಕವಿಲ್ಲ. ಸ್ಥಲವಿವೇಚನೆ, ಧಾರಣವಿಧಿ, ಪೂಜಾಕ್ರಮಗಳ ಮೇಲೆ ಹೊತ್ತಗೆಗಳ ಮೇಲೆ ಹೊತ್ತಗೆಗಳು ಹೊರಬಂದಿವೆ. ಆದರೆ ಆ ಲಿಂಗವು ಹಗಲಿರುಳಿನ ಬಹುಭಾಗವನ್ನು ಯಾವ ಪುಟ್ಟ ಮನೆಯೊಳಗೆ ಕಳೆಯುತ್ತದೆಯೋ ಆ ಮನೆಯ ಕಡೆಗಾಗಲಿ, ಅದನ್ನು ಕಟ್ಟಿದ ಕೈಯ ಕಡೆಗಾಗಲಿ ಪಂಡಿತರ ದೃಷ್ಟಿ ಹರಿದುದು ಅಪರೂಪ. ಭಕ್ತನ ಎದೆಯ ಮೇಲೆ ಕಾಣುವುದು ಕರಡಿಗೆಯೇ ಹೊರತು ಲಿಂಗವಲ್ಲ. ಕಾಣುವುದನ್ನು ಬಿಟ್ಟು ಕಾಣದುದನ್ನು ವಿಚಾರಿಸುವುದು ತತ್ತ್ವಜ್ಞರಿಗೆ ಸಹಜವಾದರೂ, ಇತಿಹಾಸದ ವಿದ್ಯಾರ್ಥಿಯು ಕಾಣುವುದರ ಕಡೆಗೂ ಒಮ್ಮೆ ನೋಡಬೇಕಾಗುತ್ತದೆ.

ಮೊದಲು ಶಬ್ದಗಳ ವಿಚಾರ. ಸಂಸ್ಕೃತದ ಕರಂಡಿಕಾ ಎಂಬುದೇ ಕನ್ನಡದಲ್ಲಿ ಕರಡಿಗೆಯಾಯಿತು. ಮುಚ್ಚಳವುಳ್ಳ ಚಿಕ್ಕ ಪೆಟ್ಟಿಗೆ, ಭರಣಿ ಎಂಬುದು ಅದರ ಮೂಲಾರ್ಥ. ಪ್ರಾಚೀನ ಗ್ರಂಥಗಳಲ್ಲಿ ಇದೇ ವಸ್ತುವಿಗೆ ಸಜ್ಜೆ ಅಥವಾ ಸೆಜ್ಜೆ ಎಂಬ ಹೆಸರುಂಟು. ಅದು ಶಯ್ಯಾ ಶಬ್ದದ ತದ್ಭವ. ಒಂದು ಹೆಸರು ಪೆಟ್ಟಿಗೆಯನ್ನು ನೆನಪಿಗೆ ತಂದರೆ, ಇನ್ನೊಂದು ಹಾಸಿಗೆಯನ್ನು ನೆನಪಿಗೆ ತರುತ್ತದೆ. ಪೆಟ್ಟಿಗೆಯಲ್ಲಿ ಒಡವೆಯನ್ನು ಇಡುತ್ತಾರೆ. ಹಾಸಿಗೆಯ ಮೇಲೆ ಒಡೆಯನು ಪವಡಿಸುತ್ತಾನೆ. ಈ ಎರಡರಲ್ಲಿ ಹಳೆಯ ಹೆಸರೇ ಹೆಚ್ಚು ಭಾವಪೂರ್ಣವೆಂದು ತೋರುತ್ತದೆ. ಬಳಕೆಯಲ್ಲಿ ಆಕಾರಕ್ಕೆ ತಕ್ಕಂತೆ ಬೇರೆ ಬೇರೆ ಹೆಸರುಗಳಿವೆ. ಗುಂಡಾಗಿರುವುದು ಗುಂಡಗಡಿಗೆ, ನಡುವೆ ಚೌಕಾಕಾರವಾಗಿದ್ದು ಇಕ್ಕೆಲಗಳಲ್ಲಿ ಮೊನೆಗೊಂಡಿರುವುದು ಚೌಕ. ಮಾಡುವವನಿಗೆ ಧಾರವಾಡ, ಹಾವೇರಿಯ ಕಡೆ ಪತ್ತಾರನೆಂದು ಹೆಸರು. ಗ್ರಂಥಸ್ಥವಾದ ಹೆಸರು ಅಕ್ಕಸಾಲಿಗ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಹೊನ್ನು ಬೆಳ್ಳಿಗಳ ಕೆಲಸ ನಡೆಯುವ ರಾಜಕೀಯ ಕಾರ್ಯಾಲಯಕ್ಕೆ ಅಕ್ಷಶಾಲಾ ಎಂಬ ಹೆಸರಿದೆ. ಅಕ್ಕಸಾಲೆ ಎಂಬ ನಮ್ಮ ಮಾತು ಅದರಿಂದಲೇ ಇಳಿದು ಬಂದುದೆಂದು ಭಾವಿಸಲು ಅಡ್ಡಿಯಿಲ್ಲ. ಹಾಗಾದರೆ ಹಳ್ಳಿಯ ಪತ್ತಾರನ ಅಗ್ಗಿಷ್ಟಿಕೆಯ ಹಿಂದೆ ಎರಡು ಸಾವಿರ ವರ್ಷಗಳ ಶಬ್ದಪರಂಪರೆಯಿದೆ.

ಕರಡಿಗೆಯ ಒಳಗಿರುವ ವಸ್ತುವಿಗೂ ಕರಡಿಗೆಗೂ ಇರುವ ಅಂತರವನ್ನು ಗಮನಿಸಬೇಕು. 1880ರ ದಶಕದಲ್ಲಿ ಮುಂಬಯಿ ಸರಕಾರದವರು ಪ್ರಕಟಿಸಿದ ಗ್ಯಾಜೆಟಿಯರುಗಳಲ್ಲಿ ಲಿಂಗದ ರಚನೆಯ ವರ್ಣನೆಯಿದೆ. ಬೂದುಬಣ್ಣದ ಮೆದು ಕಲ್ಲಿನಿಂದ ಮಾಡಿದ ಪೀಠಸಹಿತವಾದ ಲಿಂಗ. ಅದರ ಮೇಲೆ ಮಣ್ಣು, ಸಗಣಿಯ ಬೂದಿ, ಗೇರಿನ ರಸಗಳನ್ನು ಕಲಸಿ ಕಟ್ಟಿದ ಕಪ್ಪು ಹೊದಿಕೆ. ಈ ಹೊದಿಕೆಯೇ ಕಂತಿ. ಅದು ಒಣಗಿ ಗಟ್ಟಿಯಾದ ಮೇಲೆ ಒಳಗಿನ ಕಲ್ಲಿನ ಆಕಾರ ಮರೆಯಾಗಿ, ಹೊರಗೆ ಕಪ್ಪಡಕೆಯಂಥ ಒಂದು ನುಣುಪಾದ ರೂಪ ಉಳಿಯುತ್ತದೆ. ಆ ಕಲ್ಲುಗಳನ್ನು ಶ್ರೀಶೈಲದ ಪರ್ವತದಿಂದ ಕಂಬಿ ಜಂಗಮರು ಹೊತ್ತು ತರುತ್ತಿದ್ದರು. ಇಲ್ಲಿ ಗೇರೆಂದರೆ ಗೋಡಂಬಿಯ ಗಿಡವಲ್ಲ. ಅಗಸನು ಬಟ್ಟೆಗೆ ಗುರುತು ಹಾಕಲು ಬಳಸುವ, ವೈದ್ಯರು ಭಲ್ಲಾತಕವೆಂದು ಕರೆಯುವ ಕಾಯಿ. ಅದರ ರಸವು ಒಮ್ಮೆ ಹಿಡಿದರೆ ಬಿಡದು, ನೀರಿಗೆ ಕರಗದು. ನಿತ್ಯವೂ ಅಭಿಷೇಕಗೊಳ್ಳುವ ಲಿಂಗಕ್ಕೆ ಇಂಥ ಹೊದಿಕೆಯೇ ಬೇಕು. ಕಲ್ಲು, ಮಣ್ಣು, ಬೂದಿ, ಕಾಡಿನ ಕಾಯಿ: ಇವುಗಳಲ್ಲಿ ಯಾವುದಕ್ಕೂ ಪೇಟೆಯಲ್ಲಿ ಬೆಲೆಯಿಲ್ಲ.

ಈ ವಸ್ತುಗಳ ಶುದ್ಧಿಯ ವಿಷಯದಲ್ಲಿ ಇತ್ತೀಚಿನ ಕಾಲದಲ್ಲಿ ಅತ್ಯಂತ ಆಸ್ಥೆ ವಹಿಸಿದವರು ಇದೇ ಸೀಮೆಯಲ್ಲಿ ಹುಟ್ಟಿದವರು. ರಾಣೇಬೆನ್ನೂರು ತಾಲೂಕಿನ ಜೋಯಿಸರ ಹರಳಹಳ್ಳಿಯಲ್ಲಿ 1867ರಲ್ಲಿ ಜನಿಸಿದ ಹಾನಗಲ್ಲ ಶ್ರೀ ಕುಮಾರ ಶಿವಯೋಗಿಗಳು 1909ರಲ್ಲಿ ಬಾದಾಮಿಯ ಸಮೀಪ ಮಲಪ್ರಭೆಯ ತೀರದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದರು. ಅಲ್ಲಿ ವಟುಗಳಿಗೆ ವಿದ್ಯೆಯನ್ನು ಕಲಿಸುವುದರ ಜೊತೆಗೆ ಗೋಶಾಲೆಯ ಸಗಣಿಯಿಂದ ಶಾಸ್ತ್ರೋಕ್ತವಾಗಿ ವಿಭೂತಿಯನ್ನೂ, ಪಂಚಸೂತ್ರದ ಪ್ರಮಾಣಕ್ಕೆ ಸರಿಯಾಗಿ ಇಷ್ಟಲಿಂಗವನ್ನೂ ಸಿದ್ಧಪಡಿಸುವ ಏರ್ಪಾಟಾಯಿತು. ಧರ್ಮದ ಪುನರುಜ್ಜೀವನವೆಂದರೆ ಉಪನ್ಯಾಸವಷ್ಟೇ ಅಲ್ಲ, ಬೂದಿಯನ್ನು ಸರಿಯಾಗಿ ಸುಡುವುದೂ ಹೌದೆಂಬುದನ್ನು ಆ ಮಹಾತ್ಮರು ಬಲ್ಲವರಾಗಿದ್ದರು. ಲಿಂಗ, ವಿಭೂತಿಗಳಿಗೆ ದೊರೆತ ಇಂಥ ಆಸರೆ ಕರಡಿಗೆಗೆ ದೊರೆಯಲಿಲ್ಲ. ಅದು ಪತ್ತಾರನ ಅಂಗಡಿಯಲ್ಲಿಯೇ, ಪತ್ತಾರನ ವಿವೇಕಕ್ಕೆ ಬಿಟ್ಟದ್ದಾಗಿಯೇ ಉಳಿಯಿತು.

ಎಲ್ಲರ ಲಿಂಗವೂ ಬೆಳ್ಳಿಯಲ್ಲಿ ಇರಲಿಲ್ಲವೆಂಬುದನ್ನು ಮರೆಯಲಾಗದು. ಬಡವರು ಅರಿವೆಯ ತುಂಡಿನಲ್ಲಿ ಸುತ್ತಿ ಕೊರಳಿಗೋ ರಟ್ಟೆಗೋ ಕಟ್ಟಿಕೊಳ್ಳುತ್ತಿದ್ದರು; ಇಂದಿಗೂ ಹಾಗೆ ಕಟ್ಟಿಕೊಳ್ಳುವ ನಿಷ್ಠರಿದ್ದಾರೆ. ಕಟ್ಟಿಗೆಯ ಕರಡಿಗೆಗಳೂ ಹಿತ್ತಾಳೆಯವೂ ಬಳಕೆಯಲ್ಲಿದ್ದವು. ಬೆಳ್ಳಿಯದು ಅನುಕೂಲವಂತರದು. ಅಪ್ಪನಿಗೆ ಅರಿವೆ, ಮಗನಿಗೆ ಹಿತ್ತಾಳೆ, ಮೊಮ್ಮಗನಿಗೆ ಬೆಳ್ಳಿ ಎಂಬ ಮನೆತನಗಳೂ ಇದ್ದವು. ಈ ಕ್ರಮ ತಿರುವುಮುರುವಾದ ಮನೆತನಗಳೂ ಇಲ್ಲದಿಲ್ಲ.

ಬೆಳ್ಳಿಯ ಕರಡಿಗೆ ಹುಟ್ಟುವ ಬಗೆಯನ್ನು ತುಸು ವಿಸ್ತಾರವಾಗಿ ನೋಡಬೇಕು. ಅಪ್ಪಟ ಬೆಳ್ಳಿ ಬಹಳ ಮೆದು. ಹಾಗೆಯೇ ಬಳಸಿದರೆ ಮುಚ್ಚಳದ ಅಂಚು ಕೆಲವೇ ದಿನಗಳಲ್ಲಿ ಸಡಿಲಗೊಂಡು ಲಿಂಗ ಜಾರುವ ಭಯವುಂಟು. ಆದುದರಿಂದ ತುಸು ತಾಮ್ರವನ್ನು ಬೆರೆಸುತ್ತಾರೆ. ಮೂಸೆಯಲ್ಲಿ ಬೆಳ್ಳಿಯನ್ನಿಟ್ಟು, ಬಿಳಿಗಾರದ ಪುಡಿಯನ್ನು ಉದುರಿಸಿ, ಇದ್ದಲಿನ ಬೆಂಕಿಯಲ್ಲಿ ಕರಗಿಸುತ್ತಾರೆ. ಅದು ಕರಗಲು 960 ಅಂಶಕ್ಕೂ ಮೀರಿದ ಶಾಖ ಬೇಕು. ಪತ್ತಾರನಿಗೆ ಆ ಅಂಕಿಯ ಅವಶ್ಯಕತೆಯಿಲ್ಲ, ಬೆಂಕಿಯ ಬಣ್ಣವೇ ಅವನಿಗೆ ಹೇಳುತ್ತದೆ. ಅಚ್ಚಿಗೆ ಸುರಿದು ತೆಗೆದ ಗಟ್ಟಿಯನ್ನು ಅಡಿಗಲ್ಲಿನ ಮೇಲೆ ಬಡಿದು ತಗಡು ಮಾಡುತ್ತಾರೆ. ಬಡಿದಂತೆಲ್ಲ ಬೆಳ್ಳಿ ಬಿರುಸಾಗುತ್ತದೆ. ಬಿರುಸಾದುದನ್ನು ಮತ್ತೆ ಬಡಿದರೆ ಬಿರುಕು ಬಿಡುತ್ತದೆ. ಆದಕಾರಣ ನಡುನಡುವೆ ಕೆಂಪಗೆ ಕಾಯಿಸಿ ಮೆದುಗೊಳಿಸಬೇಕು. ಬಡಿಯುವುದು, ಕಾಯಿಸುವುದು, ಮತ್ತೆ ಬಡಿಯುವುದು: ಒಂದು ಗುಂಡಗಡಿಗೆಗೆ ಹೀಗೆ ಎಷ್ಟು ಸಲವೆಂಬುದನ್ನು ಹೊಸಬ ಎಣಿಸುತ್ತಾನೆ, ಹಳಬ ಎಣಿಸುವುದಿಲ್ಲ.

ತಗಡನ್ನು ದುಂಡಗೆ ಕತ್ತರಿಸಿ, ಕುಳಿಗಳಿರುವ ಅಚ್ಚಿನ ಮೇಲಿಟ್ಟು ತಟ್ಟುತ್ತ ಬಂದರೆ ಅರೆಗೋಳದಂಥ ಎರಡು ಬಟ್ಟಲುಗಳಾಗುತ್ತವೆ. ಕೆಳಗಿನದರ ಬಾಯಿಗೆ ಒಳಗಡೆಯಿಂದ ಒಂದು ತೆಳುವಾದ ಪಟ್ಟಿಯನ್ನು ಬೆಸೆದು ಮೇಲಿನದು ಅದರ ಮೇಲೆ ಬಿಗಿಯಾಗಿ ಕೂರುವಂತೆ ಮಾಡಬೇಕು. ಪತ್ತಾರನ ಜಾಣತನವೆಲ್ಲ ಈ ಬಿಗಿಯಲ್ಲಿದೆ. ಬಹಳ ಬಿಗಿಯಾದರೆ ಪೂಜೆಯ ಹೊತ್ತಿಗೆ ತೆಗೆಯುವಾಗ ಎಳೆದಾಡಬೇಕಾಗುತ್ತದೆ. ಸಡಿಲವಾದರೆ ಹೊಲದಲ್ಲಿ ಬಗ್ಗಿದಾಗ ತೆರೆದುಕೊಳ್ಳುತ್ತದೆ. ಇಕ್ಕೆಲಗಳಲ್ಲಿ ಶಿವದಾರವನ್ನು ಪೋಣಿಸುವ ಬಳೆಗಳನ್ನು ಊದುಗೊಳವೆಯ ಉರಿಯಿಂದ ಬೆಸೆಯುತ್ತಾರೆ. ಮೇಲೆ ನಂದಿ, ಬಿಲ್ವದಳ, ಸೂರ್ಯಚಂದ್ರರ ರೇಖೆಗಳು ಬೇಕಾದರೆ ಬಟ್ಟಲಿನೊಳಗೆ ಕರಗಿಸಿದ ಅರಗನ್ನು ತುಂಬಿ, ಅದು ಆರಿದ ಮೇಲೆ ಚಿಕ್ಕ ಉಳಿಗಳಿಂದ ತಟ್ಟಿ ಮೂಡಿಸಬೇಕು. ಅರಗು ಒಳಗಿನಿಂದ ಆನಿಕೊಡದಿದ್ದರೆ ತಗಡು ತಗ್ಗಿಹೋಗುತ್ತದೆ. ಕೆಲಸ ಮುಗಿದ ಮೇಲೆ ಹುಣಸೆಯ ಹುಳಿಯಲ್ಲಿ ಕುದಿಸಿ, ಅಂಟುವಾಳದ ನೊರೆಯಲ್ಲಿ ತಿಕ್ಕಿ ತೊಳೆದರೆ ಹೊಗೆ ಹಿಡಿದು ಕಪ್ಪಾದ ಬೆಳ್ಳಿ ಬೆಳಗುತ್ತದೆ. ಇದ್ದಿಲು, ಅರಗು, ಹುಣಸೆ, ಅಂಟುವಾಳ, ಹಿಂದಿನ ಕಾಲಕ್ಕೆ ತೂಕಕ್ಕಾಗಿ ಗುಲಗಂಜಿ: ಬೆಳ್ಳಿಯೊಂದನ್ನು ಬಿಟ್ಟರೆ ಉಳಿದುದೆಲ್ಲ ಗಿಡಮರಗಳ ಉಪಕಾರ.

ಅಳತೆಯ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಬಳೆಗೆ ಕೈಯನ್ನು, ಉಂಗುರಕ್ಕೆ ಬೆರಳನ್ನು ಪತ್ತಾರನ ಮುಂದೆ ಚಾಚಬಹುದು. ಲಿಂಗವನ್ನು ಅಂಗದಿಂದ ಅಗಲಿಸಲಾಗದೆಂಬ ನೇಮವಿರುವಾತನು ಅದನ್ನು ನಾಲ್ಕು ದಿನ ಅಂಗಡಿಯಲ್ಲಿ ಬಿಟ್ಟುಬರಲಾರ. ಆದುದರಿಂದ ಅಳತೆಯು ದಾರದಿಂದ, ಇಲ್ಲವೆ ಕಣ್ಣಿನಿಂದ. ತಾನು ಕೈಯಲ್ಲಿ ಹಿಡಿಯದ ವಸ್ತುವಿಗೆ ಹೊಂದುವ ಮನೆಯನ್ನು ಕಟ್ಟುವುದು ಈ ಕಸುಬಿನ ವಿಶೇಷ.

ಹೀಗೆ ಕಟ್ಟುವವನು ಯಾರು? ಬಹುಮಟ್ಟಿಗೆ ಅವನು ಪಾಂಚಾಳ ಅಥವಾ ವಿಶ್ವಕರ್ಮ ಸಮಾಜದವನು. ಕಮ್ಮಾರ, ಬಡಿಗ, ಕಂಚುಗಾರ, ಶಿಲ್ಪಿ, ಅಕ್ಕಸಾಲಿಗ ಎಂಬ ಐದು ಕಸುಬುಗಳ ಆ ಸಮಾಜಕ್ಕೆ ತನ್ನದೇ ಆದ ಗುರುಪರಂಪರೆಯಿದೆ. ಸ್ವತಃ ಲಿಂಗಧಾರಿಯಲ್ಲದವನು ಲಿಂಗದ ಮನೆಯನ್ನು ಕಟ್ಟುತ್ತ ಬಂದಿದ್ದಾನೆ. ಇದನ್ನು ಕೊರತೆಯೆಂದು ಎಣಿಸುವವರು ಶರಣರ ಚರಿತ್ರೆಯನ್ನು ಸರಿಯಾಗಿ ಓದಿದವರಲ್ಲ. ಕಲ್ಯಾಣಕ್ಕೆ ಬಂದ ಕಿನ್ನರಿ ಬೊಮ್ಮಯ್ಯನು ಮೊದಲು ಅಕ್ಕಸಾಲೆಯ ವೃತ್ತಿಯವನಾಗಿದ್ದು, ಅದನ್ನು ತೊರೆದು ತ್ರಿಪುರಾಂತಕನ ಸನ್ನಿಧಿಯಲ್ಲಿ ಕಿನ್ನರಿ ನುಡಿಸುವ ಕಾಯಕವನ್ನು ಕೈಗೊಂಡನೆಂದು ಪರಂಪರೆ ಹೇಳುತ್ತದೆ. ಶೂನ್ಯಸಂಪಾದನೆಯಲ್ಲಿ ಅಕ್ಕಮಹಾದೇವಿಯ ವೈರಾಗ್ಯವನ್ನು ಪರೀಕ್ಷಿಸಲು ಮುಂದಾದವನೂ ಅವನೇ. ಒರೆಗಲ್ಲಿನ ಬಳಿ ಬೆಳೆದವನಿಗೆ ಪರೀಕ್ಷೆಯ ಚಪಲ ಬಿಡದಿದ್ದುದು ಸಹಜವೇ. ಹರಿಹರನ ರಗಳೆಗೆ ನಾಯಕನಾದ, ಮಹಾಲಿಂಗ ಕಲ್ಲೇಶ್ವರನೆಂಬ ಅಂಕಿತದ ಹಾವಿನಾಳ ಕಲ್ಲಯ್ಯನನ್ನೂ ಅಕ್ಕಸಾಲೆಯ ಮನೆತನದವನೆಂದೇ ಹೇಳುತ್ತಾರೆ. ಮುಂದಿನ ಶತಮಾನಗಳಲ್ಲಿ ಸುರಪುರ ಸೀಮೆಯ ತಿಂಥಣಿಯ ಮೌನೇಶ್ವರರು ವಿಶ್ವಕರ್ಮ ಕುಲದಲ್ಲಿ ಹುಟ್ಟಿ ವಚನಗಳನ್ನು ರಚಿಸಿದರು. ಉತ್ತರ ಕರ್ನಾಟಕದ ಪತ್ತಾರರ ಮನೆಗಳಲ್ಲಿ ಅವರು ಇಂದಿಗೂ ಪೂಜ್ಯರು. ಎರಡು ಸಮಾಜಗಳ ನಡುವೆ ಗುರುತ್ವದ ವಿಷಯದಲ್ಲಿ ಎಷ್ಟೇ ಬಿಗುಮಾನವಿದ್ದರೂ ವಚನದ ಭಾಷೆ ಎರಡಕ್ಕೂ ಸಮಾನವಾಗಿತ್ತು.

ಅಕ್ಕಸಾಲಿಗನ ಮೇಲೆ ಲೋಕಕ್ಕೆ ಸಂಶಯವೂ ಉಂಟು. ಅಕ್ಕನ ಚಿನ್ನವನ್ನೂ ಅವನು ಬಿಡನೆಂಬ ಗಾದೆ ಎಲ್ಲರಿಗೂ ಗೊತ್ತು. ಸಮೀಪದ ಹಿರೇಕೆರೂರು ಸೀಮೆಯವನೇ ಆದ ಸರ್ವಜ್ಞನೂ ಆ ಕಸುಬಿನವರಿಗೆ ದಾಕ್ಷಿಣ್ಯ ತೋರಿದವನಲ್ಲ. ಆದರೆ ಕರಡಿಗೆಯ ವಿಷಯದಲ್ಲಿ ಪತ್ತಾರನಿಗೆ ತನ್ನದೇ ಆದ ಭಯಭಕ್ತಿಯಿರುವುದು ಸ್ವಾಭಾವಿಕ. ಮೂಗುತಿಯ ಬೆರಕೆ ಮನೆಯ ಹೆಂಗಸರ ಶಾಪಕ್ಕೆ ಕಾರಣವಾದೀತು. ಕರಡಿಗೆಯ ಬೆರಕೆಗೆ ಉತ್ತರ ಹೇಳಬೇಕಾದ ನ್ಯಾಯಸ್ಥಾನವೇ ಬೇರೆ.

ಕಲ್ಲುಬೂದಿಗಳ ಲಿಂಗಕ್ಕೆ ಬೆಳ್ಳಿಯ ಮನೆ ಏಕೆ ಎಂಬ ಪ್ರಶ್ನೆಯನ್ನು ಎದುರಿಸಲೇಬೇಕು. ರಾಣೇಬೆನ್ನೂರು ತಾಲೂಕಿನ ತುಂಗಭದ್ರೆಯ ದಂಡೆಯ ಚೌಡಯ್ಯದಾನಪುರದೊಡನೆ ಹೆಸರು ಬೆಸೆದುಕೊಂಡಿರುವ ನಿಜಶರಣ ಅಂಬಿಗರ ಚೌಡಯ್ಯನು, ಕೊರಳಲ್ಲಿರುವ ಲಿಂಗವನ್ನು ಕಡೆಗಣಿಸಿ ದೂರದ ಗುಡ್ಡದ ದೇವರಿಗೆ ಹಿರಿಮೆ ಕಲ್ಪಿಸುವವರನ್ನು ಕಟುವಾಗಿ ನಿಂದಿಸಿದ್ದಾನೆ. ಲಿಂಗಕ್ಕಿಂತ ಕರಡಿಗೆಯನ್ನು ದೊಡ್ಡದು ಮಾಡಿಕೊಂಡವರನ್ನು ಕಂಡಿದ್ದರೆ ಆ ಅಂಬಿಗನು ಹುಟ್ಟನ್ನು ಕೈಗೆತ್ತಿಕೊಳ್ಳುತ್ತಿದ್ದುದರಲ್ಲಿ ಸಂದೇಹವಿಲ್ಲ. ಮದುವೆಯ ದಿನ ಅಂಗಿಯ ಮೇಲೆ ಕಾಣುವಂತೆ ಇಳಿಬಿಡುವ, ಮುಷ್ಟಿಗಾತ್ರದ ಕರಡಿಗೆಗಳಿಗೆ ಯಾವ ಸಮರ್ಥನೆಯೂ ಇಲ್ಲ.

ಆದರೆ ಇದಕ್ಕೆ ಇನ್ನೊಂದು ಮುಖವುಂಟು. ಹುಲ್ಲು ಕೊಯ್ಯುವಾಗ ಇಷ್ಟಲಿಂಗವು ಕೆರೆಯ ನೀರಿಗೆ ಜಾರಿದರೂ ತಿರುಗಿ ನೋಡದೆ ಕಾಯಕಕ್ಕೆ ನಡೆದ ನುಲಿಯ ಚಂದಯ್ಯನ ಪ್ರಸಂಗ ವಾಚಕರಿಗೆಲ್ಲ ಪರಿಚಿತ. ಹಗ್ಗ ಹೊಸೆಯುವ ಕೈಯವನ ಕೊರಳಿನ ಲಿಂಗವೇ ಜಾರಿತೆಂಬುದು ಆ ಕಥೆಯ ಸೋಜಿಗ. ಲಿಂಗವು ಬೆನ್ನಟ್ಟಿ ಬಂದು, ಮಡಿವಾಳ ಮಾಚಯ್ಯನು ನಡುವೆ ನಿಂತು, ಕಡೆಗೆ ಲಿಂಗವೂ ಕಾಯಕಕ್ಕೆ ಕೈಹಚ್ಚಬೇಕಾಯಿತು. ಇದನ್ನು ಲಿಂಗದ ಉಪೇಕ್ಷೆಯೆಂದು ಓದುವುದು ತಪ್ಪು. ಕಾಯಕದ ಹಿರಿಮೆಯನ್ನು ಲಿಂಗದ ಮಟ್ಟಕ್ಕೆ ಏರಿಸಿದ ಕಥೆಯದು. ಚಂದಯ್ಯನಂಥ ಧೈರ್ಯವಿಲ್ಲದ ಸಾಮಾನ್ಯ ಭಕ್ತನಿಗೆ ಲಿಂಗವು ಜಾರಬಾರದೆಂಬ ಕಳಕಳಿ ಇದ್ದೇ ಇರುತ್ತದೆ. ಆ ಕಳಕಳಿಗೆ ಉತ್ತರವಾಗಿ ಭದ್ರವಾದ ಮುಚ್ಚಳವನ್ನು ಮಾಡಿಕೊಟ್ಟವನು ಪತ್ತಾರ. ಅವನ ಕೆಲಸವನ್ನು ಒಡವೆಯ ಲೆಕ್ಕದಲ್ಲಿ ಎಣಿಸದೆ ಕಾಯಕದ ಲೆಕ್ಕದಲ್ಲಿ ಎಣಿಸುವುದು ನ್ಯಾಯ.

ಇನ್ನು ಈ ಬೆಳ್ಳಿ ಎಲ್ಲಿಂದ ಬಂತೆಂಬುದು. ಹಾವೇರಿ ಸೀಮೆಯಲ್ಲಿ ಬೆಳ್ಳಿಯ ಗಣಿಯಿಲ್ಲ. ಇಲ್ಲಿಯ ಬೆಳ್ಳಿಯೆಂದರೆ ಬಹುಕಾಲ ರೂಪಾಯಿಯೇ. 1835ರಿಂದ ಏಕರೂಪವಾಗಿ ಹೊರಬಂದ ರೂಪಾಯಿಯ ತೂಕ ಒಂದು ತೊಲ, ಅಂದರೆ 180 ಗ್ರೇನು. ಅದರಲ್ಲಿ 165 ಗ್ರೇನು ಅಪ್ಪಟ ಬೆಳ್ಳಿ. ಪತ್ತಾರನಿಗೆ ಅದೇ ತೂಕದ ಬಟ್ಟು, ಅದೇ ಕಚ್ಚಾ ಸರಕು. ಕರಡಿಗೆ ಮಾಡಿಸುವವರು ಬೆಳ್ಳಿಯನ್ನು ಕೊಳ್ಳುತ್ತಿರಲಿಲ್ಲ, ರೂಪಾಯಿಗಳನ್ನು ಎಣಿಸಿ ಕೊಡುತ್ತಿದ್ದರು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಾಗ ಧಾರವಾಡ ಜಿಲ್ಲೆಯ ಹತ್ತಿಗೆ ಎಂದೂ ಕಾಣದ ಬೆಲೆ ಬಂತು, ರೈತರ ಮನೆಗಳಿಗೆ ರೂಪಾಯಿ ಹರಿದುಬಂತು. ಹೀಗೆ ಬಂದುದು ಕಡಗ, ಡಾಬು, ಉಡಿದಾರ, ಕರಡಿಗೆಗಳಾಗಿ ಮೈಮೇಲೆ ಕುಳಿತಿತು. ಹನ್ನೆರಡು ವರ್ಷವೂ ಕಳೆಯಲಿಲ್ಲ, 1876–78ರ ಭೀಕರ ಕ್ಷಾಮ ಬಂತು. ಮುಂಬಯಿಯ ಟಂಕಸಾಲೆಗೆ ದಖ್ಖನಿನ ಹಳ್ಳಿಗಳ ಆಭರಣದ ಬೆಳ್ಳಿ ರಾಶಿಯಾಗಿ ಬಂದು ಬಿದ್ದಿತು. ರೂಪಾಯಿಯಿಂದ ಹುಟ್ಟಿದ ಒಡವೆ ಮತ್ತೆ ರೂಪಾಯಿಯಾಯಿತು. ಮೊದಲು ಕಾಲಿನದು, ಆಮೇಲೆ ನಡುವಿನದು, ಕಟ್ಟಕಡೆಗೆ ಎದೆಯ ಮೇಲಿನದು ಹೋಗಿರಬೇಕು. ಕರಡಿಗೆಯನ್ನು ಮಾರಿ ಲಿಂಗವನ್ನು ಅರಿವೆಗೆ ಕಟ್ಟಿಕೊಂಡವರ ಮನಸ್ಸು ಎಂಥದಿತ್ತೆಂಬುದನ್ನು ಬರೆದಿಟ್ಟವರಿಲ್ಲ.

1880ರ ದಶಕದಲ್ಲಿ ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ಹಾಸಿದ ರೈಲುದಾರಿ ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳನ್ನು ಒಂದೇ ಸರದ ಮಣಿಗಳಂತೆ ಪೋಣಿಸಿತು. ಮೂರೂ ಊರುಗಳ ಪೇಟೆ ಬೆಳೆಯಿತು. ಬ್ಯಾಡಗಿಯ ಮೆಣಸಿನಕಾಯಿ ಒಣಗಿ ಮಾರುಕಟ್ಟೆಗೆ ಬಂದು ರೈತನ ಕೈಯಲ್ಲಿ ಹಣ ಓಡಾಡಿದಾಗಲೇ ಪತ್ತಾರನ ಅಗ್ಗಿಷ್ಟಿಕೆಗೂ ಸುಗ್ಗಿ. ಮುಂದೆ 1940ರಲ್ಲಿ ಸರಕಾರವು ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿತು. 1947ರಲ್ಲಿ ನಿಕ್ಕಲಿನ ರೂಪಾಯಿ ಬಂತು. ಹಳೆಯ ರೂಪಾಯಿಯ ಕರಡಿಗೆ ಎಂದು ಹಿರಿಯರು ಅಭಿಮಾನದಿಂದ ಹೇಳುವುದರ ಅರ್ಥ ಇದೇ. 1963ರ ಜನವರಿಯಲ್ಲಿ ಸುವರ್ಣ ನಿಯಂತ್ರಣದ ನಿಯಮಗಳು ಜಾರಿಗೆ ಬಂದು 14 ಕ್ಯಾರೆಟ್ಟಿಗೆ ಮೀರಿದ ಹೊಸ ಒಡವೆಗಳನ್ನು ಮಾಡಲಾಗದೆಂದಾಯಿತು. ದೇಶಾದ್ಯಂತ ಅಕ್ಕಸಾಲಿಗರ ಕೈಗೆ ಕೆಲಸ ತಪ್ಪಿತು. ಜೀವ ಕಳೆದುಕೊಂಡವರೂ ಉಂಟು. ಬೆಳ್ಳಿಗೆ ಆ ನಿರ್ಬಂಧ ಇರಲಿಲ್ಲವಾದ್ದರಿಂದ ಕಾಲುಂಗುರ, ಕರಡಿಗೆಗಳ ಕೆಲಸವೇ ಅನೇಕರಿಗೆ ಆಸರೆಯಾಗಿ ಉಳಿಯಿತು. 1968ರಲ್ಲಿ ಕಾಯಿದೆಯ ರೂಪ ತಾಳಿದ ಆ ನಿಯಂತ್ರಣ ರದ್ದಾದುದು 1990ರಲ್ಲಿ. ಅಷ್ಟರಲ್ಲಿ ಒಂದು ತಲೆಮಾರು ಬೇರೆ ದಾರಿ ಹಿಡಿದಿತ್ತು.

ಈಗ ಸಂಕಟ ಬೇರೆ ಬಗೆಯದು. ಕೊಲ್ಲಾಪುರದ ಬಳಿಯ ಹುಪರಿ, ತಮಿಳುನಾಡಿನ ಸೇಲಂ ಮೊದಲಾದ ಊರುಗಳಲ್ಲಿ ರಾಶಿಯಾಗಿ ತಯಾರಾಗುವ ಬೆಳ್ಳಿಯ ಸರಕು ಊರೂರಿನ ಅಂಗಡಿಗಳನ್ನು ತುಂಬಿದೆ. 2025ರಲ್ಲಿ ಬೆಳ್ಳಿಯ ಬೆಲೆ ಕಿಲೋ ಒಂದಕ್ಕೆ ಒಂದು ಲಕ್ಷ ರೂಪಾಯಿಯನ್ನು ದಾಟಿ ಮುಂದಕ್ಕೆ ಹೋಯಿತು. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಕೇಂದ್ರದ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಅಕ್ಕಸಾಲೆಯೂ ಸೇರಿದೆ. ತರಬೇತಿ, ಸಾಲಗಳು ದೊರೆಯಬಹುದು. ಕರಡಿಗೆಯನ್ನು ಕೇಳಿಕೊಂಡು ಬರುವವರನ್ನು ಯೋಜನೆ ತಂದುಕೊಡಲಾರದು. ಲಿಂಗವನ್ನು ಜಗುಲಿಯ ಮೇಲಿಟ್ಟು ಕೆಲಸಕ್ಕೆ ಹೋಗುವವರು ಹೆಚ್ಚಿದಂತೆ ಕರಡಿಗೆಯ ಅವಶ್ಯಕತೆ ಕಡಿಮೆಯಾಗುವುದು ಸಹಜ. ಈ ಮಾತು ಪತ್ತಾರನಿಗಿಂತ ಭಕ್ತನಿಗೇ ಹೆಚ್ಚು ತಾಗಬೇಕು.

ಕೈಕಸುಬು ಹೊಸ ದಾರಿಯಲ್ಲಿ ಬದುಕಿಕೊಳ್ಳುವುದೂ ಉಂಟು. ಹಾವೇರಿಯಲ್ಲಿ ಏಲಕ್ಕಿ ಬೆಳೆಯುವುದಿಲ್ಲ. ಮಲೆನಾಡಿನಿಂದ ತಂದು ಇಲ್ಲಿ ತೊಳೆದು ಹಸನುಗೊಳಿಸುವ ವ್ಯಾಪಾರ ಹಿಂದಿನಿಂದ ನಡೆದುಬಂದಿತ್ತು. ರೇಷ್ಮೆಯ ಎಳೆಯಲ್ಲಿ ಒಡವೆಗಳನ್ನು ಪೋಣಿಸುವ ಪಟವೇಗಾರರು ಆ ಏಲಕ್ಕಿಯನ್ನೇ ಹಾರವಾಗಿ ಪೋಣಿಸಿ ಊರಿಗೆ ಕೀರ್ತಿ ತಂದರು. ಮುಸಲ್ಮಾನರ ಮನೆಯಲ್ಲಿ ಸಿದ್ಧವಾದ ಆ ಹಾರ ಮಠಗಳ ಸ್ವಾಮಿಗಳ ಕೊರಳಿಗೂ, ಸಾಹಿತ್ಯ ಸಮ್ಮೇಳನದ ವೇದಿಕೆಗೂ ಏರುತ್ತದೆ.

ಹಳೆಯ ಕರಡಿಗೆಗಳು ಈಗ ಏಕೆ ದೊರೆಯುವುದಿಲ್ಲವೆಂಬುದಕ್ಕೆ ಕಾರಣ ನಮ್ಮ ಆಚಾರದಲ್ಲಿಯೇ ಇದೆ. ಭಕ್ತನು ಲಿಂಗೈಕ್ಯನಾದಾಗ ಇಷ್ಟಲಿಂಗವು ಅವನ ಎಡಗೈಯಲ್ಲಿ ಅವನೊಡನೆ ಸಮಾಧಿಗೆ ಹೋಗುತ್ತದೆ. ಬೆಳ್ಳಿ ಸಾಮಾನ್ಯವಾಗಿ ಮನೆಯಲ್ಲಿ ಉಳಿಯುತ್ತದೆ. ಬೆಲೆಯಿಲ್ಲದುದು ಜೊತೆಗೆ ಬರುತ್ತದೆ, ಬೆಲೆಯುಳ್ಳದ್ದು ಹಿಂದುಳಿಯುತ್ತದೆ. ಹಿಂದುಳಿದ ಕರಡಿಗೆ ಮೊಮ್ಮಗನ ಲಿಂಗಕ್ಕೆ ಹೊಂದದಿದ್ದರೆ ಮೂಸೆಗೆ ಹೋಗುತ್ತದೆ. ಹೀಗೆ ಪ್ರತಿ ತಲೆಮಾರೂ ಹಿಂದಿನ ತಲೆಮಾರಿನ ಕೆಲಸವನ್ನು ಕರಗಿಸಿಯೇ ತನ್ನದನ್ನು ಮಾಡಿಸಿಕೊಂಡಿದೆ. ಶಿಲ್ಪಿಗೆ ಶಾಸನದಲ್ಲಿ ಹೆಸರು ದೊರೆತ ಉದಾಹರಣೆಗಳಿವೆ. ಪತ್ತಾರನಿಗೆ ಆ ಭಾಗ್ಯವೂ ಇಲ್ಲ. ಮಠಗಳಿಗೆ ಕಾಣಿಕೆಯಾಗಿ ಬಂದ ಹಳೆಯ ಕರಡಿಗೆಗಳನ್ನು ತೂಕಕ್ಕೆ ಹಾಕುವ ಮೊದಲು ಅವುಗಳ ಅಳತೆ, ಚಿತ್ರ, ಕೊಟ್ಟ ಊರಿನ ಹೆಸರುಗಳನ್ನು ಒಂದು ವಹಿಯಲ್ಲಿ ಬರೆದಿಡುವುದು ಕಷ್ಟದ ಕೆಲಸವಲ್ಲ, ಖರ್ಚಿನದಂತೂ ಅಲ್ಲ.

ಕರಗಿಸುವಾಗ, ಅರ ಹಾಕುವಾಗ ಉದುರಿದ ಕಣಗಳು ಪತ್ತಾರನ ಅಂಗಡಿಯ ನೆಲದ ಬೂದಿಯಲ್ಲಿ ಸೇರುತ್ತವೆ. ಕಪ್ಪತಗುಡ್ಡದ ಹಳ್ಳಗಳ ಮರಳನ್ನು ತೊಳೆದು ಹೊನ್ನಿನ ಕಣಗಳನ್ನು ಹುಡುಕುತ್ತಿದ್ದ ಜಲಗಾರರು ಈ ಬೂದಿಯನ್ನೂ ಕೊಂಡು, ಮರಿಗೆಯಲ್ಲಿ ಹಾಕಿ, ನೀರು ಬಿಟ್ಟು ಜಾಲಿಸಿ, ತಳದಲ್ಲಿ ನಿಂತ ಬೆಳ್ಳಿಯ ಹುಡಿಯನ್ನು ಹೆಕ್ಕಿ ತಂದು ಮತ್ತೆ ಅದೇ ಪತ್ತಾರನಿಗೆ ಮಾರುತ್ತಿದ್ದರು.